ಒಂದೇ ದಿಣ್ಣೆಯನ್ನು ಎರಡು ಸಲ ಹತ್ತಿದವಳು

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಕೈಗವಸು ಇದೆ. ಒಂದೇ ಕೈಯದು, ಬಲಗೈಯದು. ಚಳಿಗೆ ಹಾಕಿಕೊಳ್ಳುವಂಥದ್ದಲ್ಲ. ಹೊರಗಡೆ ಗಟ್ಟಿ ಪ್ಲಾಸ್ಟಿಕ್, ಹೆಬ್ಬೆರಳಿನ ಬುಡದಲ್ಲಿ ಟೈರಿನಷ್ಟು ದಪ್ಪ ರಬ್ಬರು, ಒಳಗೆ ಬೆವರು ಕುಡಿದು ಒರಟಾದ ಬಟ್ಟೆ. ಬೆರಳು ಬಿಡಿಸಿಕೊಂಡು ಹಾಕಿಕೊಳ್ಳಲು ಆಗುವುದಿಲ್ಲ. ಮುಷ್ಟಿ ಕಟ್ಟಿಯೇ ತೂರಿಸಬೇಕು. ಇದರ ಜೊತೆಯದು ಎದುರು ಮನೆಯಲ್ಲಿದೆ. ಇದರ ರಬ್ಬರು ಕಿತ್ತುಬಂದಿತ್ತು. ನಿಮ್ಮ ಹತ್ತಿರ ಒಳ್ಳೇ ಅಂಟು ಇದೆಯಲ್ಲ, ಅಂಟಿಸಿಡಿ ಎಂದು ಕೊಟ್ಟು ಹೋಗಿದ್ದಾಳೆ. ಅಂಟಿಸಿ, ಒಣಗಲಿ ಎಂದು ಮೇಲಿಟ್ಟಿದ್ದೇನೆ.

ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನ ಕಣ್ಣು ಅದರ ಮೇಲೆ ಬಿತ್ತು.

"ಏನ್ ಮೇಡಂ ಇದು, ಮನೇಲಿ ಯಾರಾದ್ರೂ ಬಾಕ್ಸಿಂಗ್ ಆಡ್ತಾರಾ?"

"ಇಲ್ಲಪ್ಪ, ಓಟದ್ದು."

"ಓಟಕ್ಕೆ ಕಾಲಿಗಲ್ವಾ ಹಾಕೋದು?"

ಅವನಿಗೆ ಅವಸರವಿತ್ತು, ಕೆಳಗೆ ಗಾಡಿ ಅಡ್ಡ ನಿಲ್ಲಿಸಿ ಬಂದಿದ್ದ. ನನಗೋ ಯಾವುದನ್ನೂ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿದ್ಯೆ ಬರುವುದಿಲ್ಲ. ಅವನು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಹೋದ ಮೇಲೆ ಹೇಳಬೇಕಾದದ್ದೆಲ್ಲ ಬಾಯಲ್ಲೇ ಉಳಿಯಿತು. ನಿಮಗೆ ಪುರುಸೊತ್ತಿದೆ ಎಂದುಕೊಂಡು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೈಗವಸು ನಸ್ರೀನಳದು. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಎದುರು ಮನೆಯ ನೆಲಮಹಡಿಯಲ್ಲಿ ಅಣ್ಣ ಅನ್ವರ್ ಮತ್ತು ಅತ್ತಿಗೆಯ ಜೊತೆ ಇರುತ್ತಾಳೆ. ಅನ್ವರನಿಗೆ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಆಲೂಗಡ್ಡೆ ವ್ಯಾಪಾರ. ನಸ್ರೀನಳಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಹೋದವು. ಅವಳು ಈಜುತ್ತಾಳೆ, ಕೈಯಲ್ಲಿ ತುಳಿಯುವ ಸೈಕಲ್ ಹೊಡೆಯುತ್ತಾಳೆ, ಆಮೇಲೆ ಮೂರು ಚಕ್ರದ ಉದ್ದನೆಯ ರೇಸ್ ಕುರ್ಚಿಯಲ್ಲಿ ಓಡುತ್ತಾಳೆ. ಮೂರನ್ನೂ ಒಂದರ ಹಿಂದೊಂದು, ನಡುವೆ ಕೂತು ಕಾಫಿ ಕುಡಿಯದೆ. ಅದಕ್ಕೆ ಟ್ರಯಥ್ಲಾನ್ ಎನ್ನುತ್ತಾರೆ. ಆ ಪದ ನನ್ನ ನಾಲಿಗೆಗೆ ಹೊರಳಲು ಒಂದು ಮಳೆಗಾಲ ಬೇಕಾಯಿತು.

ನಾನು ಹೆಬ್ಬಾಳದ ಕಡೆ ಒಂದು ಪ್ರಯೋಗಾಲಯದಲ್ಲಿ ದನಕರುಗಳ ರಕ್ತದ ಸ್ಲೈಡು ನೋಡುತ್ತಾ ತಲೆ ನರೆಸಿಕೊಂಡು ನಿವೃತ್ತಳಾದವಳು. ಆಟೋಟಕ್ಕೂ ನನಗೂ ಸಂಬಂಧವಿಲ್ಲ. ಅವಳ ಪರಿಚಯವಾದದ್ದೇ ನನ್ನ ಒಂದು ಅಧಿಕಪ್ರಸಂಗದಿಂದ. ನಮ್ಮ ಬೀದಿ ಒಂದೇ ಸಮ ಇಳಿಜಾರು. ಆ ಮನೆಗೆ ಅವರು ಬಂದ ಹೊಸತು. ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಬೀದಿಯ ಮಧ್ಯೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಾನು ಯೋಚನೆ ಮಾಡಲಿಲ್ಲ. ಚೀಲವನ್ನು ಮೊಣಕೈಗೆ ಏರಿಸಿ, ಕುರ್ಚಿಯ ಹಿಂದೆ ಎರಡು ಕೈ ಇಟ್ಟು, ಏದುಸಿರು ಬಿಡುತ್ತಾ ಬೀದಿಯ ಮೇಲ್ತುದಿಯವರೆಗೆ ತಳ್ಳಿಕೊಂಡು ಹೋದೆ. ಮಹಾ ಪುಣ್ಯದ ಕೆಲಸ ಮಾಡಿದವಳ ಹಾಗೆ ಬೆವರು ಒರೆಸಿಕೊಂಡೆ. ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಥ್ಯಾಂಕ್ಸ್ ಆಂಟಿ. ಆದ್ರೆ ನಾನು ಕೆಳಗಡೆ ಹೋಗ್ಬೇಕಿತ್ತು."

"ಅಯ್ಯೋ! ಮೊದ್ಲೇ ಹೇಳ್ಬಾರ್ದಾ?"

"ನೀವು ಕೇಳಿದ್ರೆ ತಾನೆ ಹೇಳೋದು. ನೀವು ಅಷ್ಟು ಖುಷಿಯಾಗಿ ತಳ್ತಿದ್ರಿ, ಮನಸ್ಸು ಬರ್ಲಿಲ್ಲ."

ಹೇಳಿ, ಕೈ ಎತ್ತಿ, ಇಳಿಜಾರಿನಲ್ಲಿ ಗಾಳಿಯಂತೆ ಜಾರಿ ಹೋದಳು. ನಾನು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಂತೆ.

ತಳ್ಳುವುದು ನಮ್ಮ ಜನಕ್ಕೆ ರಕ್ತದಲ್ಲೇ ಬಂದಿದೆ. ನಾನು ಚಿಕ್ಕವಳಿದ್ದಾಗ ಯಶವಂತಪುರದಲ್ಲಿ ನಮ್ಮ ವಠಾರದ ಡಾಕ್ಟರ ಅಂಬಾಸಿಡರ್ ಕಾರು ದಿನಾ ಬೆಳಗ್ಗೆ ಮುನಿಸಿಕೊಂಡಿರುತ್ತಿತ್ತು. ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲೇ ಕಚ್ಚಿಕೊಂಡು ಬಂದು ಕೈ ಹಚ್ಚುತ್ತಿದ್ದರು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಕಾರು ಕೆಮ್ಮಿ ಹೊರಟಿತೆಂದರೆ ಎಲ್ಲರ ಮುಖದಲ್ಲೂ ಗೆದ್ದ ಕಳೆ. ಡಾಕ್ಟರು ಕೈ ಹೊರಗೆ ಹಾಕಿ ಆಶೀರ್ವಾದ ಮಾಡಿದಂತೆ ಬೀಸುತ್ತಿದ್ದರು. ಹಿಡಿದುಕೊಳ್ಳುವುದರಲ್ಲೂ ನಾವು ಹಾಗೆಯೇ. ನಮ್ಮಣ್ಣ ನನಗೆ ಬಾಡಿಗೆ ಸೈಕಲ್ಲಿನಲ್ಲಿ ಸವಾರಿ ಕಲಿಸಲು ಹೊರಟ. ಬೀಳದಂತೆ ಹಿಂದಿನ ಸೀಟು ಹಿಡಿದುಕೊಂಡ. ಒಂದು ಬೇಸಿಗೆ ರಜೆ ಪೂರ್ತಿ ಹಿಡಿದುಕೊಂಡೇ ಓಡಿದ. ತಂಗಿಯ ಮೇಲೆ ಅಷ್ಟು ಪ್ರೀತಿ. ಒಂದು ಸಲವೂ ಕೈ ಬಿಡಲಿಲ್ಲ. ಅವನಿಗೆ ಓಟ ಚೆನ್ನಾಗಿ ಬಂತು. ನನಗೆ ಸೈಕಲ್ ಇವತ್ತಿಗೂ ಬರುವುದಿಲ್ಲ.

ನಸ್ರೀನಳನ್ನು ಮೊದಲು ಕೈ ಬಿಟ್ಟವರು ಅವಳ ಅಪ್ಪ. ದೊಡ್ಡಬಳ್ಳಾಪುರದ ಕಡೆ ಅವಳ ಸೋದರತ್ತೆಯ ತೋಟದಲ್ಲಿ ಒಂದು ಮೆಟ್ಟಿಲು ಬಾವಿ. ಉಳಿದ ಮಕ್ಕಳೆಲ್ಲ ದಡದಿಂದ ಹಾರುವಾಗ ಇವಳು ಕಟ್ಟೆಯ ಮೇಲೆ ಅವರ ಬಟ್ಟೆ ಕಾಯಬೇಕಿತ್ತು. ಒಂದು ದಿನ ಅಪ್ಪ ಎರಡು ಖಾಲಿ ಎಣ್ಣೆ ಕ್ಯಾನನ್ನು ಅವಳ ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟರಂತೆ. "ಮೊದಲ್ನೇ ಸಲ ನನ್ನ ಕಾಲು ಎಲ್ಲಿದೆ ಅಂತ ಯಾರೂ ಕೇಳ್ಲಿಲ್ಲ ಆಂಟಿ, ನೀರೂ ಸಹ" ಎಂದು ಅವಳು ಹೇಳುವಾಗ ನನ್ನ ಮೈ ಜುಮ್ಮೆನ್ನುತ್ತದೆ. ಅವಳು ಮಾತ್ರ ಗುಂಡಿ ಹೊಲಿಯುತ್ತಾ ಹೇಳುತ್ತಾಳೆ, ನಿನ್ನೆಯ ಸಾರಿನ ವಿಷಯ ಹೇಳಿದಂತೆ.

ಬಾವಿಯಿಂದ ಈಜುಕೊಳ, ಕೊಳದಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಅಂಗಡಿಯ ಗೋಡೆಯ ಮೊಳೆಯಲ್ಲಿ ಪದಕಗಳು ತೂಗುತ್ತವೆ, ಅದೇ ಮೊಳೆಗೆ ಅಳತೆ ಟೇಪು. ತೋಳಿನ ಬಲಕ್ಕೆ ಕಾರಣ ಕೇಳಿದರೆ ತನ್ನ ಹಳೆಯ ಕೈ ಮೆಷಿನ್ ತೋರಿಸುತ್ತಾಳೆ; ಕಾಲಲ್ಲಿ ತುಳಿಯಲಾಗದೆ ಹದಿನೈದನೇ ವಯಸ್ಸಿನಿಂದ ಕೈಯಲ್ಲೇ ಚಕ್ರ ತಿರುಗಿಸಿ ಹೊಲಿದವಳು. ಮೂವತ್ತು ದಾಟಿದ ಮೇಲೆ, ಎಲ್ಲರೂ ಇನ್ನು ಸಾಕು ಎನ್ನುವ ಹೊತ್ತಿಗೆ, ಫೋನಿನಲ್ಲಿ ಯಾರೋ ಗಾಲಿಕುರ್ಚಿಯಲ್ಲಿ ಟ್ರಯಥ್ಲಾನ್ ಮಾಡುವುದನ್ನು ನೋಡಿದಳು. "ಈಜಿ ಆದ್ಮೇಲೆ ಇನ್ನೂ ಎರಡು ಮಾಡ್ತಾರಂತೆ. ನಾನು ಇಷ್ಟು ದಿನ ಮೂರರಲ್ಲಿ ಒಂದು ಪಾಲು ಮಾಡಿ ಮನೆಗೆ ಬರ್ತಿದ್ದೆ, ಸೋಂಬೇರಿ ಥರ" ಎಂದಳು.

ಅಭ್ಯಾಸ ಹೆಸರಘಟ್ಟ ರಸ್ತೆಯಲ್ಲಿ, ಬೆಳಕು ಹರಿಯುವ ಮುಂಚೆ. ಅವಳ ಕೈಸೈಕಲ್ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ, ಅವಳು ಅದರಲ್ಲಿ ಮಲಗಿದಂತೆ. ಲಾರಿಯವರ ಕಣ್ಣಿಗೆ ಬೀಳುವುದಿಲ್ಲ ಎಂದು ಅನ್ವರ್ ಹಿಂದೆ ಲಗೇಜ್ ಆಟೋದಲ್ಲಿ ದೀಪ ಮಿಣುಕಿಸುತ್ತಾ ಬರುತ್ತಿದ್ದ. ನನಗೂ ಬೆಳಗಿನ ಜಾವ ನಿದ್ದೆ ಬಾರದ ಕಾಯಿಲೆ. ಒಂದು ದಿನ ಕುತೂಹಲಕ್ಕೆ ಆಟೋ ಹಿಂದುಗಡೆ ಹತ್ತಿದವಳು ಆಮೇಲೆ ಇಳಿಯಲೇ ಇಲ್ಲ. ಈರುಳ್ಳಿ ಸಿಪ್ಪೆಯ ಮಧ್ಯೆ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಮನೆಗೆ ಬಂದಾಗ ನನ್ನ ಸೀರೆ ಹುಳಿಯ ಪಾತ್ರೆಯ ವಾಸನೆ ಹೊಡೆಯುತ್ತಿತ್ತು.

ಆಗ ನಾನು ಕಂಡ ಒಂದು ವಿಷಯ: ಕೈಸೈಕಲ್ಲಿನಲ್ಲಿ ಅವಳ ಮುಖವೂ ಬೀದಿ ನಾಯಿಯ ಮುಖವೂ ಒಂದೇ ಎತ್ತರ. ನಮ್ಮನ್ನು ನಾಯಿ ಅಟ್ಟಿಸಿಕೊಂಡು ಬಂದರೆ ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಅವಳಿಗೆ ಕಿವಿಯ ಹತ್ತಿರ ಬೊಗಳುತ್ತದೆ. ಅವಳು ಕೈ ನಿಲ್ಲಿಸುವುದಿಲ್ಲ. "ಏಯ್, ಬಾ ಮಗಾ, ರೇಸಾ?" ಎನ್ನುತ್ತಾಳೆ. ಅದು ಸ್ವಲ್ಪ ದೂರ ಓಡಿ, ಈ ಹೆಂಗಸಿನ ಜೊತೆ ಆಗದು ಎಂದು ರಸ್ತೆ ಬದಿಗೆ ಕೂರುತ್ತದೆ. ಇನ್ನೊಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಸ್ಕೂಟರಿನವರೊಬ್ಬರು ಅವಳ ಮಡಿಲಿಗೆ ಹತ್ತು ರೂಪಾಯಿಯ ನೋಟು ಹಾಕಿ ಕೈ ಮುಗಿದು ಹೋದರು. ಅನ್ವರನ ಮುಖ ಕಪ್ಪಿಟ್ಟಿತು. ಅವಳು ನೋಟನ್ನು ಎತ್ತಿ ನನಗೆ ತೋರಿಸಿದಳು.

"ನೋಡಿ ಆಂಟಿ, ಕೊನೆಗೂ ಸ್ಪಾನ್ಸರ್ ಸಿಕ್ಕಿದ್ರು!"

ಎಲ್ಲವನ್ನೂ ಹೀಗೆ ನಗುತ್ತಾ ದಾಟುತ್ತಾಳೆ ಎಂದು ನಾನು ತಿಳಿದಿದ್ದೆ. ಹೋದ ವರ್ಷದ ಆಯ್ಕೆಯ ಸ್ಪರ್ಧೆಯಿಂದ ಬಂದಾಗ ಹಾಗಲ್ಲ ಎಂದು ಗೊತ್ತಾಯಿತು. ಆ ಸಲ ರಸ್ತೆಯ ಉಬ್ಬೊಂದರ ಮೇಲೆ ಅವಳ ರೇಸ್ ಕುರ್ಚಿ ಒಂದು ಕ್ಷಣ ತಡವರಿಸಿತ್ತು. ನೀರಿನ ಬಾಟಲಿ ಹಂಚುತ್ತಿದ್ದ ಯಾರೋ ಪಾಪ ಎಂದು ಹಿಂದಿನಿಂದ ಕೈ ಹಚ್ಚಿ ತಳ್ಳಿದ್ದ. ಹೊರಗಿನವರ ಸಹಾಯ ಪಡೆದಿದ್ದಾಳೆ ಎಂದು ಅವಳ ಹೆಸರು ತೆಗೆದುಹಾಕಿದರು. ನಾನು ಕೇಳಲಿಲ್ಲ, ನನ್ನನ್ನು ಕೇಳದೆ ತಳ್ಳಿದರು ಎಂದು ಅವಳು ಹೇಳಿದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ವಾರವಿಡೀ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಮೆಷಿನ್ನಿನ ಸದ್ದು ಇರಲಿಲ್ಲ. ನಾನು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ.

ಈ ವರ್ಷ ಅವಳ ಅತ್ತಿಗೆ ಬಾಣಂತಿ. ಸ್ಪರ್ಧೆಯಲ್ಲಿ ಇಂಥವರಿಗೆ ಇಬ್ಬರು ಸಹಾಯಕರು ಇರಬಹುದು: ನೀರಿನಿಂದ ಎತ್ತಲು, ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಕೂರಿಸಿ ಪಟ್ಟಿ ಬಿಗಿಯಲು. ಅದೂ ಗುರುತು ಮಾಡಿದ ಜಾಗದಲ್ಲಿ ಮಾತ್ರ. ರಸ್ತೆಗೆ ಬಿಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಎತ್ತಲು ಅನ್ವರ್ ಇದ್ದ. ಪಟ್ಟಿ ಕಟ್ಟಲು ಅತ್ತಿಗೆಯ ಬದಲು ನನ್ನನ್ನು ಕೇಳಿದಳು.

"ನನ್ನಂಥ ನಿಧಾನದವಳನ್ನ ಕಟ್ಕೊಂಡು ಏನ್ ಮಾಡ್ತೀಯಮ್ಮ?"

"ನಿಧಾನದವರೇ ಬೇಕು ಆಂಟಿ. ಅವಸರದವರು ಪಟ್ಟಿ ತಿರುಚಿ ಕಟ್ತಾರೆ. ಬಿಚ್ಚಿ ಕಟ್ಟೋದ್ರಲ್ಲಿ ರೇಸೇ ಮುಗಿದಿರುತ್ತೆ."

ಹೆಂಗಸರ ಗಾಲಿಕುರ್ಚಿ ವಿಭಾಗದಲ್ಲಿ ಇರುವುದು ಅವಳೊಬ್ಬಳೇ ಎಂದು ತಿಳಿದಾಗ ನಾನು ಉತ್ಸಾಹದಿಂದ, "ಹಾಗಾದ್ರೆ ಗೆದ್ದ ಹಾಗೇ ಅಲ್ವಾ!" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಒಬ್ಬಳೇ ಇದ್ದರೂ ಸೋಲಬಹುದು. ಕಾಲಮಿತಿಯೊಳಗೆ ಮುಗಿಸಬೇಕು, ತಪ್ಪಿಲ್ಲದೆ ಮುಗಿಸಬೇಕು. ಮುಗಿಸಿದರೆ ರಾಜ್ಯದ ತಂಡ, ರಾಷ್ಟ್ರಮಟ್ಟದ ಸ್ಪರ್ಧೆ. ಇಲ್ಲದಿದ್ದರೆ ಇನ್ನೊಂದು ವರ್ಷ, ಇನ್ನೊಂದು ವರ್ಷ ಹಳೆಯದಾದ ಭುಜ. "ಭುಜ ಹೋದ್ರೆ ನಂಗೆ ಕೈಯೂ ಹೋದ ಹಾಗೆ, ಕಾಲೂ ಹೋದ ಹಾಗೆ" ಎಂದಳು. ಆ ಮಾತು ಹೇಳುವಾಗ ಮಾತ್ರ ಗುಂಡಿ ಹೊಲಿಯುತ್ತಿರಲಿಲ್ಲ.

ಸ್ಪರ್ಧೆ ನಡೆದದ್ದು ಯಲಹಂಕದಿಂದ ಆಚೆ. ಈಜು ಒಂದು ವಸತಿ ಶಾಲೆಯ ಕೊಳದಲ್ಲಿ, ಉಳಿದೆರಡು ಪಕ್ಕದ ಊರುಗಳ ರಸ್ತೆಯಲ್ಲಿ. ಅವಳು ನೀರಿಗೆ ಇಳಿದಾಗ ನಾನು ಕೊಳದ ಅಂಚಿನಲ್ಲಿ ನಿಂತಿದ್ದೆ. ಜೊತೆಗೆ ಇಳಿದ ಬೇರೆ ವಿಭಾಗದವರ ಕಾಲುಗಳು ನೀರು ಚಿಮ್ಮಿಸುತ್ತಿದ್ದವು. ಅವಳ ಹಿಂದೆ ಮಾತ್ರ ನೀರು ಸುಮ್ಮನಿತ್ತು. ಮೇಲೆ ಬಂದಾಗ ಅನ್ವರ್ ಎರಡು ಕಂಕುಳಿಗೆ ಕೈ ಕೊಟ್ಟು ಒಂದೇ ಉಸಿರಿಗೆ ಎತ್ತಿದ.

"ಹಲ್ಲೂ, ಭಾಯ್, ಹಲ್ಲೂ!" ಎಂದು ಅವಳು ಕಿರುಚಿದಳು, ಅವರ ಮನೆಮಾತಿನಲ್ಲಿ ನಿಧಾನ ಎಂದು. "ಆಲೂಗಡ್ಡೆ ಮೂಟೆ ಅಲ್ಲ ನಾನು!"

"ಮೂಟೆ ಆಗಿದ್ರೆ ಸುಮ್ನೆ ಇರ್ತಿತ್ತು" ಎಂದ ಅನ್ವರ್, ಅವಳನ್ನು ಕೂರಿಸುತ್ತಾ.

ನಾನು ಪಟ್ಟಿ ಕಟ್ಟಿದೆ. ಮಂಡಿಯ ಮೇಲೆ ಒಂದು, ತೊಡೆಯ ಮೇಲೆ ಒಂದು, ಹೆಲ್ಮೆಟ್ಟಿನದು ಒಂದು. ಒಂದೂ ತಿರುಚಲಿಲ್ಲ. ಅವಳು ಕೈಸೈಕಲ್ಲಿನಲ್ಲಿ ಹೋಗಿ, ಬಿಸಿಲೇರಿದ ಮೇಲೆ ವಾಪಸ್ಸು ಬಂದಳು. ತುಟಿಯ ಮೇಲೆ ಉಪ್ಪು ಬೆಳ್ಳಗೆ ಗಟ್ಟಿಯಾಗಿತ್ತು. ಮತ್ತೆ ಎತ್ತುವುದು, ಮತ್ತೆ ಕಟ್ಟುವುದು. ರೇಸ್ ಕುರ್ಚಿಯಲ್ಲಿ ಮಂಡಿಯೂರಿ ಕೂತು ಕೈಗವಸು ತೂರಿಸಿಕೊಂಡಳು. ಅದರ ಚಕ್ರವನ್ನು ಹಿಡಿದು ತಿರುಗಿಸುವುದಲ್ಲ. ಅಂಚಿನ ಬಳೆಗೆ ಮೇಲಿನಿಂದ ಗುದ್ದುತ್ತಾ ಹೋಗಬೇಕು. ಡಬ್, ಡಬ್ ಎಂದು ಗುದ್ದುತ್ತಾ ಗೇಟು ದಾಟಿದಳು. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಅನ್ವರ್ ಸಾಮಾನು ಕಾಯಲು ನಿಂತ. ನಾನು ಜನರ ಜೊತೆ ನಿಂತು ನೋಡೋಣವೆಂದು ದಾರಿಯಲ್ಲಿದ್ದ ದಿಣ್ಣೆಯ ಕಡೆ ನಡೆದೆ.

ದಿಣ್ಣೆಯ ಪಕ್ಕ ಶಾಮಿಯಾನ ಹಾಕಿ, ಬಂದವರಿಗೆಲ್ಲ ನೀರುಮಜ್ಜಿಗೆ ಕೊಡುತ್ತಿದ್ದರು. ಕೊಡಿಸುತ್ತಿದ್ದವರು ಆ ಊರಿನ ಮುನಿರಾಜಪ್ಪ. ಹೊಲವಿದ್ದ ಕಡೆ ಈಗ ಲೇಔಟ್ ಮಾಡಿಸಿದವರು, ಬಿಳಿ ಅಂಗಿ, ಬಿಳಿ ಪಂಚೆ, ಅರವತ್ತೈದರ ಹತ್ತಿರದ ವಯಸ್ಸು. ನನ್ನ ಕೈಗೂ ಒಂದು ಲೋಟ ಕೊಟ್ಟರು.

"ಅಲ್ಲ ಕಣವ್ವಾ, ಈಜ್ಬುಟ್ಟು, ಸೈಕಲ್ ತುಳ್ದು, ಆಮೇಕೆ ಓಡ್ತವಂತಲ್ಲ, ಇವಕ್ಕೆ ಮನೇಲಿ ಬೈಯೋರಿಲ್ವಾ?"

ನಾನು ನಗುವಷ್ಟರಲ್ಲಿ ಕೆಳಗೆ ಅವಳ ಕುರ್ಚಿ ಕಾಣಿಸಿತು. ಸಮತಟ್ಟಿನಲ್ಲಿ ಹಾರುವಂತೆ ಬರುವ ಆ ಬಂಡಿ ದಿಣ್ಣೆಯಲ್ಲಿ ಹಠ ಹಿಡಿದ ಎಮ್ಮೆ. ಒಂದು ಗುದ್ದಿಗೆ ಒಂದು ಗೇಣು. ಗುದ್ದಿನ ನಡುವೆ ಹಿಂದಕ್ಕೆ ಜಾರದಂತೆ ಮುಂದಿನ ಗುದ್ದು ಬೀಳಬೇಕು. ಅವಳ ಕತ್ತಿನ ನರ ನನಗೆ ಅಷ್ಟು ದೂರದಿಂದ ಕಾಣುತ್ತಿತ್ತು. ಕರೆಂಟು ಕಂಬದ ಹತ್ತಿರ ಬಂದಾಗ ಎರಡು ಗುದ್ದಿನ ನಡುವೆ ಸ್ವಲ್ಪ ಹೊತ್ತು ಜಾಸ್ತಿಯಾಯಿತು.

"ಅಯ್ಯೋ ಶಿವನೇ, ಎಣ್ಮಗ ಇಂಗೆ ಒದ್ದಾಡ್ತಾ ಅದೆ, ಎಲ್ಲಾ ನೋಡ್ತಾ ನಿಂತವ್ರಲ್ಲ!" ಎಂದು ಮುನಿರಾಜಪ್ಪ ಲೋಟ ಕೆಳಗಿಟ್ಟರು.

ನಾನು, "ಬೇಡ! ಮುಟ್ಬೇಡಿ!" ಎಂದೆ. ಗಂಟಲಿನಲ್ಲಿ ಮಜ್ಜಿಗೆ ಇತ್ತು. ನನ್ನ ಮಾತು ನನಗೇ ಸರಿಯಾಗಿ ಕೇಳಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿ ಓಡಿದರು. ಕಂಬದ ಹತ್ತಿರ ಕುರ್ಚಿಯ ಹಿಂಭಾಗಕ್ಕೆ ಎರಡೂ ಕೈ ಹಚ್ಚಿದರು.

"ಬಿಡಿ ಅಂಕಲ್! ಬೇಡ, ಬಿಡಿ!"

"ಪರ್ವಾಗಿಲ್ಲ ಕಣವ್ವಾ!"

"ಅಂಕಲ್, ದಮ್ಮಯ್ಯ, ಬೇಡ!"

"ಅಯ್ಯೋ, ನನ್ ಮಗ್ಳಿದ್ದಂಗೆ ನೀನು, ಸಂಕೋಚ ಯಾಕೆ!"

ಅವರನ್ನು ಬೈಯಲು ನನಗೆ ಬಾಯಿಲ್ಲ. ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಎಂದರೆ ಇನ್ನೊಂದು ಸೌಟು ಎಂದು ಅರ್ಥ. ಎರಡು ಕೈ ಎಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬಡಿಸುವ ಜನ ನಾವು. ನಿಜವಾಗಿ ಬೇಡ ಎನ್ನುವವರು ನಮ್ಮಲ್ಲಿ ಹೇಗೆ ಹೇಳಬೇಕು ಎಂದು ಯಾರೂ ಗೊತ್ತು ಮಾಡಿಲ್ಲ. ಅವರು ಅಂಗನವಾಡಿಯ ಗೇಟಿನವರೆಗೆ, ದಿಣ್ಣೆಯ ನೆತ್ತಿಗೆ ಇನ್ನು ಸ್ವಲ್ಪವೇ ಇರುವವರೆಗೆ ತಳ್ಳಿದರು. ಶಾಮಿಯಾನದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಲ್ಲಿ ನಸ್ರೀನ್ ಎರಡೂ ಮುಷ್ಟಿಯನ್ನು ಚಕ್ರಕ್ಕೆ ಒತ್ತಿ ಹಿಡಿದು ಕುರ್ಚಿಯನ್ನು ನಿಲ್ಲಿಸಿದಳು. ರಬ್ಬರು ಸುಟ್ಟ ವಾಸನೆ ಬಂತು.

ನಾನು ಸುತ್ತ ನೋಡಿದೆ. ಆ ಜಾಗದಲ್ಲಿ ಸ್ಪರ್ಧೆಯ ಕಡೆಯವರು ಯಾರೂ ಇರಲಿಲ್ಲ. ಊರಿನವರು, ನಾನು, ಒಂದು ಹಸು. ಅವಳೂ ಸುತ್ತ ನೋಡಿದಳು. ನಾನು ನೋಡಿದ್ದನ್ನೇ ನೋಡಿದಳು.

"ಅಂಕಲ್, ನೀವು ಕಬಡ್ಡಿ ಆಡಿದ್ದೀರಾ?"

"ಆಡಿವ್ನಿ, ಯಾಕವ್ವಾ?"

"ಇದೂ ಹಂಗೇ. ಮುಟ್ಟಿದ್ರೆ ಔಟು. ನೀವೀಗ ನನ್ನ ಮುಟ್ಟಿದ್ರಿ."

ಮುನಿರಾಜಪ್ಪನವರ ಕೈ ಕಾದ ಕಾವಲಿ ತಾಗಿದಂತೆ ಹಿಂದಕ್ಕೆ ಬಂತು. ಅವರ ಮುಖ ನೋಡಲಾಗಲಿಲ್ಲ. "ಅಯ್ಯಯ್ಯೋ, ನಂಗ್ ಗೊತ್ತಿರ್ನಿಲ್ವಲ್ಲವ್ವಾ" ಎಂದರು, ಮತ್ತೆ ಮತ್ತೆ ಅದನ್ನೇ.

ಅವಳು ಕುರ್ಚಿಯನ್ನು ತಿರುಗಿಸತೊಡಗಿದಳು. ಆ ಉದ್ದನೆಯ ಬಂಡಿ ನಮ್ಮ ಹಳ್ಳಿರಸ್ತೆಯ ಅಗಲದಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ. ಏನು ಮಾಡುತ್ತಿದ್ದಾಳೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಮುಖ ಕೆಳಗೆ ಮಾಡಿ ನಿಂತಾಗ ನನಗೆ ಹೊಳೆಯಿತು. ಅವರು ತಳ್ಳಿದ್ದನ್ನು ವಾಪಸ್ಸು ಕೊಡಲು ಹೊರಟಿದ್ದಳು.

ಕಂಬದವರೆಗೆ ಹೋದರೆ ಸಾಕಿತ್ತು. ಅವಳು ಕಂಬವನ್ನು ದಾಟಿದಳು. ದಿಣ್ಣೆಯ ಬುಡದ ಮೋರಿಯವರೆಗೆ ಇಳಿದುಬಿಟ್ಟಳು. ನನ್ನ ಕಣ್ಣು ಮಂಜಾಯಿತು. ಯಾರೂ ಬೆರಳು ತೋರಿಸಬಾರದೆಂದು, ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಡುವವರನ್ನು ನಾನು ಮನುಷ್ಯರಲ್ಲಿ ಕಂಡಿರಲಿಲ್ಲ.

ಮೋರಿಯ ಹತ್ತಿರ ಮತ್ತೆ ಆ ತಿರುಗಿಸುವ ಸಂಕಟ. ಮತ್ತೆ ಡಬ್, ಡಬ್. ಈ ಸಲ ಮುನಿರಾಜಪ್ಪ ಅವಳ ಪಕ್ಕದಲ್ಲೇ, ನಾಲ್ಕು ಅಡಿ ಬಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದರು. ಒಂದು ಕೈಯನ್ನು ಇನ್ನೊಂದು ಬಿಗಿಯಾಗಿ ಹಿಡಿದಿತ್ತು, ಬಿಟ್ಟರೆ ಓಡಿಹೋಗುತ್ತದೆಯೇನೋ ಎಂಬಂತೆ. ಯಾರೋ ಹತ್ತಿರ ಬಂದಾಗ ಗುಡುಗಿದರು:

"ಯಾರೂ ಮುಟ್ಬ್ಯಾಡ್ರಲಾ! ಮುಟ್ಟಿದ್ರೆ ಔಟು! ದೂರ, ದೂರ!"

ಕಂಬದ ಹತ್ತಿರ ಅವಳ ಕೈ ಮತ್ತೆ ತಡವಾಯಿತು. ಚಕ್ರ ಅರ್ಧ ಗೇಣು ಹಿಂದಕ್ಕೆ ಜಾರಿತು. ಚಪ್ಪಾಳೆ ಇಲ್ಲ, ಕೂಗು ಇಲ್ಲ. ಮುನಿರಾಜಪ್ಪನವರ ಭುಜ ಮಾತ್ರ ಅವಳ ಒಂದೊಂದು ಗುದ್ದಿಗೂ ಮುಂದಕ್ಕೆ ಬಾಗುತ್ತಿತ್ತು. ಅವಳು ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಅಂಗನವಾಡಿಯ ಗೇಟು ದಾಟಿತು. ನೆತ್ತಿ ಬಂತು. ಆಚೆ ಇಳಿಜಾರಿನಲ್ಲಿ ಅವಳ ಹೆಲ್ಮೆಟ್ಟು ಮರೆಯಾಯಿತು.

ನಾನು ಅಡ್ಡದಾರಿಯಲ್ಲಿ ಶಾಲೆಗೆ ಓಡಿದೆ. ಓಡಿದೆ ಎಂದು ನಾನು ಹೇಳುತ್ತೇನೆ. ನನ್ನನ್ನು ದಾಟಿ ಹೋದ ಕೋಳಿಗಳು ಬೇರೆ ಪದ ಹೇಳಬಹುದು. ಅನ್ವರ್ ಗಡಿಯಾರದ ಫಲಕದ ಕೆಳಗೆ ನಿಂತು ಉಗುರು ಕಚ್ಚುತ್ತಿದ್ದ. ಕಾಲಮಿತಿ ಮುಗಿಯಲು ಇನ್ನು ಸ್ವಲ್ಪ ಇದೆ ಎನ್ನುವಾಗ ಗೇಟಿನಲ್ಲಿ ಅವಳ ಮುಂದಿನ ಚಕ್ರ ಕಾಣಿಸಿತು. ಗೆರೆ ದಾಟಿದಳು. ಮಿತಿಯ ಒಳಗೇ. ಅನ್ವರ್ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ.

ತೀರ್ಪುಗಾರರು ಮೈಸೂರಿನ ಕಡೆಯವರು, ತೆಳ್ಳಗೆ, ಕೊರಳಲ್ಲಿ ಸೀಟಿ. ಅವಳ ಸಂಖ್ಯೆ ಬರೆದುಕೊಳ್ಳುತ್ತಿದ್ದರು.

"ಸರ್, ಒಂದು ವಿಷಯ" ಎಂದಳು ನಸ್ರೀನ್.

ಅನ್ವರ್ ತಲೆ ಎತ್ತಿದ. "ಚುಪ್ ಬೈಠ್" ಎಂದು, ಬಾಯಿ ಮುಚ್ಚಿಕೊಂಡಿರು ಎಂದು, ಹಲ್ಲು ಕಚ್ಚಿ ಹೇಳಿದ.

"ದಿಣ್ಣೆ ಹತ್ರ ಒಬ್ರು ಅಂಕಲ್ ನನ್ನ ತಳ್ಳಿದ್ರು ಸರ್. ನಾನು ವಾಪಸ್ ಹೋಗಿ ಮತ್ತೆ ಹತ್ತಿದೆ."

ತೀರ್ಪುಗಾರರು ಬರೆಯುವುದನ್ನು ನಿಲ್ಲಿಸಿದರು. "ನಮ್ಮೋರು ಯಾರಾದ್ರೂ ನೋಡಿದ್ರಾ?"

"ಇಲ್ಲ ಸರ್."

"ಮತ್ಯಾಕಮ್ಮ ಹೇಳ್ತಿದ್ದೀಯ?"

"ಅಷ್ಟು ದೊಡ್ಡ ದಿಣ್ಣೆನ ಎರಡು ಸಲ ಹತ್ತಿದ್ದೀನಿ ಸರ್" ಎಂದಳು ಅವಳು, ಇನ್ನೂ ಏದುಸಿರು ಬಿಡುತ್ತಾ. "ಯಾರಿಗೂ ಹೇಳ್ದೆ ಹೆಂಗಿರ್ಲಿ?"

ಅವರು ನಗಲಿಲ್ಲ. ದಿಣ್ಣೆಯನ್ನು ನೋಡಬೇಕು ಎಂದರು. ನೋಡಿದವರು ಯಾರು ಎಂದು ಕೇಳಿದರು. ನಾನು ಕೈ ಎತ್ತಿದೆ. ಅಷ್ಟರಲ್ಲಿ ಮುನಿರಾಜಪ್ಪ ತಮ್ಮ ಸ್ಕೂಟರಿನಲ್ಲಿ ಬಂದು ಇಳಿದು, ಯಾರೂ ಕೇಳದಿದ್ದರೂ, "ತಪ್ಪು ನಂದು ಸ್ವಾಮಿ, ಮಗೀನ ಕೈ ಬಿಡಬ್ಯಾಡಿ" ಎನ್ನುತ್ತಾ ಕೈ ಮುಗಿದರು. ಎಲ್ಲರೂ ದಿಣ್ಣೆಗೆ ಹೋದೆವು. ಅವಳು ತನ್ನ ಮಾಮೂಲಿ ಗಾಲಿಕುರ್ಚಿಯಲ್ಲಿ ಬಂದಳು. ಯಾರೂ ಹಿಂದೆ ಕೈ ಹಚ್ಚಲಿಲ್ಲ.

"ಸಹಾಯ ಕೇಳದೇನೇ ಬಂತು, ಸರಿ. ಅದರಿಂದ ಲಾಭ ಆಯ್ತಾ ಇಲ್ವಾ ಅನ್ನೋದು ನನಗೆ ಬೇಕು" ಎಂದರು ತೀರ್ಪುಗಾರರು. "ಎಲ್ಲಿಂದ ಎಲ್ಲೀವರೆಗೆ ತಳ್ಳಿದ್ರು, ನೀವು ಕಂಡಿದ್ದು ಹೇಳಿ."

ಒಂದು ಪದ ಆಚೀಚೆಯಾದರೆ ಅವಳ ವರ್ಷ ಹೋಗುತ್ತದೆ. ಕಂಬ ತೋರಿಸಿದೆ. ಅಂಗನವಾಡಿಯ ಗೇಟು ತೋರಿಸಿದೆ. ಎಷ್ಟು ಸಲ ಬಿಡಿ ಎಂದಳು, ಅವರು ಏನೆಂದರು, ಹೇಳಿದೆ. ಕೊನೆಗೆ ಕೆಳಗಿನ ಮೋರಿಯ ಕಡೆ ಕೈ ಮಾಡಿದೆ.

"ಅವಳು ಕಂಬದ ಹತ್ರ ನಿಲ್ಲಿಸ್ಬಹುದಿತ್ತು ಸರ್. ನಿಲ್ಲಿಸ್ಲಿಲ್ಲ. ಯಾರೂ ಒಂದು ಮಾತು ಆಡ್ಬಾರ್ದು ಅಂತ ಆ ಮೋರೀವರೆಗೂ ಇಳಿದು, ಅಲ್ಲಿಂದ ಹತ್ತಿದ್ಲು. ಇಂಥಾ ಹುಡುಗೀನ ನಾನು ನೋಡಿಲ್ಲ ಸರ್."

ಮುನಿರಾಜಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ತೀರ್ಪುಗಾರರು ಕಂಬದಿಂದ ಮೋರಿಯವರೆಗಿನ ದೂರವನ್ನು ನೋಡಿ, ಅವಳ ಕಡೆ ತಿರುಗಿದರು.

"ಹೌದೇನಮ್ಮ? ಅದಕ್ಕೇ ಅಷ್ಟು ಕೆಳಗೆ ಹೋದ್ಯಾ?"

ನಸ್ರೀನ್ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು.

"ಇಲ್ಲ ಸರ್. ಆಂಟಿ ಒಳ್ಳೇವ್ರು. ಕಂಬದ ಹತ್ರಾನೇ ನಿಲ್ಲಿಸೋಕೆ ನೋಡ್ದೆ. ಬ್ರೇಕ್ ಹಿಡೀಲಿಲ್ಲ."

ತೀರ್ಪುಗಾರರ ಭುಜ ಅಲುಗಾಡಲು ಶುರುವಾಯಿತು. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಹಾಳೆಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಅವಳ ಸಂಖ್ಯೆಯ ಮುಂದೆ ಸಹಿ ಹಾಕಿದರು.

"ನ್ಯಾಷನಲ್ಸ್‌ಗೆ ಹೋಗೋ ಮುಂಚೆ ಆ ಬ್ರೇಕ್ ಸರಿ ಮಾಡಿಸ್ಕೊಳ್ಳಮ್ಮ" ಎಂದರು.